ಎಲ್ಲರೂ ಬಂದು ನಿಲ್ಲುವ 495

ದಶಕ ಸಹಿತ ವ್ಯವಕಲನ, ಅಂದರೆ ಪಕ್ಕದ ಮನೆಯಿಂದ ಸಾಲ ತಂದು ಕಳೆಯುವ ಲೆಕ್ಕ, ಕೈಗೆ ಹತ್ತಬೇಕಾದರೆ ಮಕ್ಕಳು ಹತ್ತಾರು ಸಲ ಮಾಡಬೇಕು. ಸುಮ್ನೆ ಬೋರ್ಡಿನ ಮೇಲೆ ಹತ್ತು ಲೆಕ್ಕ ಬರೆದರೆ ಮೂರನೆಯದಕ್ಕೇ ಆಕಳಿಕೆ ಶುರು. ನಾಲ್ಕನೇ ತರಗತಿಯಲ್ಲಿ ಅದನ್ನೇ ಒಗಟಾಗಿ ಕೊಟ್ಟು ನೋಡಿ.

ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿ 0ಯಿಂದ 9ರವರೆಗೆ ಚೀಟಿ ಮಾಡಿ. ಇಬ್ಬರಿಗೆ ಒಂದು ಕಟ್ಟು ಸಾಕು. ಕಣ್ಣು ಮುಚ್ಚಿ ಮೂರು ಚೀಟಿ ಎತ್ತಲಿ. 5, 2, 3 ಬಂತು ಅನ್ನಿ. ಜೋಡಿಸಿದರೆ ಅತಿ ದೊಡ್ಡ ಸಂಖ್ಯೆ 532, ಅತಿ ಚಿಕ್ಕದು 235. ಕಳೆದರೆ 297. ಈಗ ಈ ಉತ್ತರದ ಅಂಕಿಗಳನ್ನೇ ಮತ್ತೆ ಜೋಡಿಸಿ: 972ರಲ್ಲಿ 279 ಹೋದರೆ 693. ಆಮೇಲೆ 594, ಆಮೇಲೆ 495. ಇನ್ನೊಂದು ಸಲ ಮಾಡಿದರೂ 495!

ಇದನ್ನು ಮೊದಲೇ ಹೇಳಿಬಿಡಬೇಡಿ. ಪ್ರತಿ ಜೋಡಿಯೂ ತಾನು ಎಲ್ಲಿ ನಿಂತೆ ಎಂದು ಬೋರ್ಡಿನ ಮೇಲೆ ಬರೆಯಲಿ. ಮೂರನೇ ಜೋಡಿ ಬರೆಯುವಷ್ಟರಲ್ಲಿ "ಮಿಸ್, ನಮ್ದೂ ಅದೇ!" ಎಂಬ ಗಲಾಟೆ ಏಳುತ್ತದೆ. ಏಳಲಿ ಬಿಡಿ. 495ರಿಂದ ತಪ್ಪಿಸಿಕೊಳ್ಳುವ ಸಂಖ್ಯೆ ಇದೆಯೇ ಎಂದು ಕೇಳಿ. ಹುಡುಕುವ ಹಟಕ್ಕೆ ಬಿದ್ದು ಪುಟಗಟ್ಟಲೆ ಕಳೆಯುತ್ತಾರೆ. (444ರಂತೆ ಮೂರೂ ಅಂಕಿ ಒಂದೇ ಆಗಿದ್ದರೆ ಮಾತ್ರ ಪಾರು, ಮೊದಲ ಸಲಕ್ಕೇ ಸೊನ್ನೆ.) 211 ತೆಗೆದುಕೊಂಡವರಿಗೆ 99 ಬರುತ್ತದೆ. ಅದನ್ನು 099 ಎಂದೇ ಬರೆಸಿ, ಇಲ್ಲದಿದ್ದರೆ ಆಟ ಕೆಡುತ್ತದೆ.

ಇನ್ನು ನಿಮಗೊಂದು ಗುಟ್ಟು. ಲೆಕ್ಕ ಸರಿಯಿದ್ದರೆ ಪ್ರತಿ ಉತ್ತರದ ನಡುವೆಯೂ 9 ಇರುತ್ತದೆ, ಎರಡು ತುದಿ ಕೂಡಿದರೂ 9. ಬರುವ ವ್ಯತ್ಯಾಸವೆಲ್ಲ 99ರ ಮಗ್ಗಿಯದ್ದೇ, ಅದಕ್ಕೆ. ಹಾಗಾಗಿ ಸ್ಲೇಟಿನ ಮೇಲೆ ಕಣ್ಣಾಡಿಸಿದರೆ ಸಾಕು. ಜಾಸ್ತಿ ಉಪಯೋಗವಾಗುವುದು ತಪ್ಪು ಉತ್ತರಗಳು. 532ರಲ್ಲಿ 235 ಕಳೆದು 303 ಬರೆದ ಮಗು ಸಾಲವನ್ನೇ ತಂದಿಲ್ಲ, ಕೆಳಗಿನ 5ರಿಂದ ಮೇಲಿನ 2 ಕಳೆದಿದೆ. 307 ಬರೆದದ್ದು ಸಾಲ ತಂದಿದೆ, ಹತ್ತರ ಮನೆಯಲ್ಲಿ ಒಂದು ಕಡಿಮೆ ಮಾಡಿಲ್ಲ. 397 ಆದರೆ ನೂರರ ಮನೆಯಲ್ಲಿ ಮರೆತಿದೆ. ಮೂವರಿಗೂ ಬೇಕಾದ ಪಾಠ ಬೇರೆ ಬೇರೆ, ಅಲ್ವಾ? ಹತ್ತು ಕಡ್ಡಿಯ ಕಟ್ಟು ಬಿಚ್ಚಿ ತೋರಿಸಬೇಕಾದದ್ದು ಮೊದಲ ಮಗುವಿಗೆ.

ಬೇಗ ಮುಗಿಸಿ ಕೂತವರಿಗೆ ನಾಲ್ಕು ಚೀಟಿ ಕೊಡಿ. ಅವರು ಬಂದು ನಿಲ್ಲುವುದು 6174ಕ್ಕೆ. ನಾಸಿಕ್ ಹತ್ತಿರದ ದೇವಲಾಲಿಯ ಶಾಲಾ ಮೇಷ್ಟ್ರು ಡಿ.ಆರ್. ಕಾಪ್ರೇಕರ್ 1949ರಲ್ಲಿ ಕಂಡುಹಿಡಿದ ಸಂಖ್ಯೆ ಅದು. ಏಳು ಸಲದೊಳಗೆ ಬಂದೇ ಬರುತ್ತದೆ. ಎಂಟನೇ ಸಲಕ್ಕೂ ಬರಲಿಲ್ಲವೆಂದರೆ ಸ್ಲೇಟು ಈಸ್ಕೊಂಡು ಮೊದಲಿನಿಂದ ನೋಡಿ.