ಅಪ್ಪನ ಕ್ಯಾಸೆಟ್ಟು, ರೇಡಿಯೋ ಎತ್ತಿಡುವ ಮುಂಚೆ ಮಾಡಬೇಕಾದ್ದು

ಮೊದಲು ಒಂದು ಮಾತು. ಗುಜರಿಯವನನ್ನು ಕರೆಯಬೇಡಿ. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನವೇ ಯಾರಾದರೂ ಒಬ್ಬರು ನೆಂಟರು "ಈ ವೈರು ಗಿಯರು ಎಲ್ಲ ಇನ್ನೂ ಯಾಕೆ, ಮನೆ ಕ್ಲೀನ್ ಆಗಲಿ ಬಿಡಿ" ಅಂತ ಶುರು ಮಾಡುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿ. ವರ್ಷದ ತಿಥಿ ಆಗುವ ತನಕ ಒಂದು ಸ್ಕ್ರೂ ಕೂಡ ಮನೆಯಿಂದ ಆಚೆ ಹೋಗಬಾರದು.

ನಮ್ಮಪ್ಪನ ಕೆಲಸ ಮಂಡ್ಯದಲ್ಲಿ, ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಬೆಳಿಗ್ಗೆ ಟ್ರೈನು, ಸಂಜೆ ಟ್ರೈನು. ಮನೆಗೆ ಬಂದು ಕಾಫಿ ಕುಡಿದರೆ ಆಮೇಲೆ ಕೈಯಲ್ಲಿ ಸಾಲ್ಡರಿಂಗ್ ಐರನ್ ಇರಬೇಕು, ಇಲ್ಲಾ ತಂಬೂರಿ ಇರಬೇಕು. ಬೀದಿಯವರ ರೇಡಿಯೋ ಎಲ್ಲ ನಮ್ಮ ಮನೆ ಜಗಲಿ ಮೇಲೇ ರಿಪೇರಿ ಆಗುತ್ತಿದ್ದವು, ದುಡ್ಡು ತೆಗೆದುಕೊಂಡಿದ್ದು ನಾನು ನೋಡಿಲ್ಲ. ಒಳ್ಳೇ ಹೆಡ್‌ಫೋನ್ ಇತ್ತು, ಆದರೆ ಯಾವಾಗಲೂ ಒಂದೇ ಕಿವಿಗೆ ಇಟ್ಟುಕೊಳ್ಳುತ್ತಿದ್ದರು. ಇನ್ನೊಂದು ಕಿವಿ ನಾವು ಕರೆದರೆ ಕೇಳಿಸಲಿ ಅಂತ. ಇಂಥ ಅಪ್ಪ ನಿಮಗೂ ಇದ್ದರೆ, ಅವರು ಬಿಟ್ಟು ಹೋದದ್ದನ್ನು ಉಳಿಸಿಕೊಳ್ಳೋದು ಹೇಗೆ ಅಂತ ನಾನು ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಏನನ್ನೂ ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಮೇಜು ಹೇಗಿತ್ತೋ ಹಾಗೇ, ಧೂಳಿನ ಸಮೇತ. ಯಾವ ಡಬ್ಬದಲ್ಲಿ ಏನು, ಇಕ್ಕಳ ಯಾವ ಮೊಳೆಗೆ ನೇತು ಹಾಕಿದ್ದರು, ಎಲ್ಲ. ಆಮೇಲೆ ಫೋನ್ ಹಿಡಿದುಕೊಂಡು ಮನೆ ಪೂರ್ತಿ ಒಂದು ಸುತ್ತು ಹಾಕಿ. ಎಲೆಕ್ಟ್ರಾನಿಕ್ಸ್ ಕೈ ಇದ್ದವರು ಮನೆಯನ್ನು ಸುಮ್ನೆ ಬಿಟ್ಟಿರುವುದಿಲ್ಲ, ಅಲ್ವಾ? ನಮ್ಮ ಮನೆಯಲ್ಲಿ ಬಚ್ಚಲ ದೀಪದ ಸ್ವಿಚ್ಚು ನೆಲದಿಂದ ಎರಡೂವರೆ ಅಡಿಯಲ್ಲಿದೆ. ನಾನು ಮೂರು ವರ್ಷದವನಿದ್ದಾಗ ಕತ್ತಲಿಗೆ ಹೆದರುತ್ತಿದ್ದೆ, ಕೈಗೆಟುಕಲಿ ಅಂತ ಕೆಳಗೆ ಹಾಕಿದ್ದರು. ಅಡಿಗೆ ಮನೆಯಲ್ಲಿ ಒಂದು ಸಣ್ಣ ಬಜರ್ ಇದೆ, ಗೇಟು ತೆಗೆದರೆ ಕುಯ್ ಅನ್ನುತ್ತದೆ. ಪೇಂಟಿಂಗ್‌ನವರು ಇಂಥದ್ದನ್ನೇ ಮೊದಲು ಕಿತ್ತು ಹಾಕೋದು.

ಈಗ ವಾಲ್ವ್ ರೇಡಿಯೋ, ಅಂದರೆ ಒಳಗೆ ಗಾಜಿನ ವಾಲ್ವ್ ಇರುವ ಹಳೇ ಕಾಲದ ಸೆಟ್ಟು. ಆಸೆಯಿಂದ ಪ್ಲಗ್ ಹಾಕಬೇಡಿ, ದಯವಿಟ್ಟು. ಹತ್ತಿಪ್ಪತ್ತು ವರ್ಷ ಸುಮ್ಮನೆ ಕೂತ ಸೆಟ್ಟಿನಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿರುತ್ತವೆ, ಪೇಪರ್ ಕೆಪಾಸಿಟರುಗಳು ಲೀಕ್ ಆಗಿರುತ್ತವೆ. ಒಂದೇ ಸಲಕ್ಕೆ ಪೂರ್ತಿ ಕರೆಂಟ್ ಕೊಟ್ಟರೆ ವಾಲ್ವ್ ಹೋಗಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟೂ ಹೋಗಬಹುದು. ಒಳಗೆ 200ರಿಂದ 250 ವೋಲ್ಟ್ ಡಿಸಿ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಕೆಪಾಸಿಟರಿನಲ್ಲಿ ಕೂತಿರುತ್ತದೆ. ಹಳೇ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ. ಅವರು ಮೊದಲು ಸೀರೀಸ್‌ನಲ್ಲಿ ಒಂದು 60 ಅಥವಾ 100 ವಾಟಿನ, ತಂತಿ ಉರಿಯುವ ಹಳೇ ಥರದ ಬಲ್ಬ್ ಹಾಕುತ್ತಾರೆ. ಬಲ್ಬ್ ಝಗ್ ಅಂತ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ ಅಂತ. ಬಲ್ಬ್ ಹಾಕದೆ ನೇರ ಚುಚ್ಚಲು ಹೋಗುವವರಾದರೆ ಸೆಟ್ಟು ವಾಪಸ್ ತನ್ನಿ. ಇನ್ನೊಂದು, ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ ಆದರೆ ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ಮೇನ್ಸ್ ಕರೆಂಟ್ ಬಂದಿರುತ್ತದೆ, ಹಿಂದಿನ ಸಾಕೆಟ್ಟಿಗೆ ಮೊಬೈಲ್ ಸಿಕ್ಕಿಸಿ ಹಾಡು ಕೇಳುವ ಪ್ರಯೋಗ ಬೇಡ. ಸೆಟ್ಟು ರೆಡಿ ಆದರೂ ಮೈಸೂರು ಆಕಾಶವಾಣಿಯ 100.6 ಅದರಲ್ಲಿ ಬರುವುದಿಲ್ಲ, ಆ ಸೆಟ್ಟುಗಳಿಗೆ ಸಾಮಾನ್ಯವಾಗಿ ಎಫ್‌ಎಂ ಇರುವುದಿಲ್ಲ. ನನಗೆ ಬೇಜಾರಾಯಿತು ನಿಜ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿ ಅದಕ್ಕೆ ಆಕಾಶವಾಣಿ ಅಂತ ಹೆಸರು ಬಂದ ಊರು ಇದು, ಆ ಹೆಸರು ಆಮೇಲೆ ಇಡೀ ದೇಶದ ರೇಡಿಯೋಗೇ ಆಯಿತು. ಈ ಕಥೆಯನ್ನು ಅಪ್ಪ ರೇಡಿಯೋ ರಿಪೇರಿಗೆ ಬಂದವರಿಗೆಲ್ಲ ಹೇಳುತ್ತಿದ್ದರು, ಕೇಳಿದವರಿಗೇ ಮತ್ತೆ ಹೇಳುತ್ತಿದ್ದರು.

ನಿಜವಾದ ಆಸ್ತಿ ಇರೋದು ಅಪ್ಪ ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ಟಿನಲ್ಲಿ. ಇಲ್ಲಿ ನನ್ನ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಎಂಟು ಕ್ಯಾಸೆಟ್ ಒಂದು ಅಂಗಡಿಗೆ ಕೊಟ್ಟೆ, ಸಿಡಿ ಮಾಡಿಕೊಡಿ ಅಂತ. ಅವರು ಪಾಪ ಒಳ್ಳೇ ಮನಸ್ಸಿನಿಂದಲೇ ಶಬ್ದ ಎಲ್ಲ "ಕ್ಲೀನ್" ಮಾಡಿದರು. ಹಾಡು ಉಳಿಯಿತು. ಹಾಡಿನ ಮಧ್ಯೆ ಅಪ್ಪ ನಿಲ್ಲಿಸಿ "ಏ, ಹಾಲು ಉಕ್ಕುತ್ತಿದೆ ನೋಡೇ" ಅಂದದ್ದು ಹೋಯಿತು. ಸೈಕಲ್ ಬೆಲ್ಲು, ಕುಕ್ಕರ್ ವಿಸಿಲ್ಲು, ತಂಗಿ ತೊಟ್ಟಿಲಲ್ಲಿ ಅತ್ತಿದ್ದು, ಎಲ್ಲ ಹೋಯಿತು. ಕಲ್ಯಾಣಿ ರಾಗ ಯಾರು ಬೇಕಾದರೂ ಹಾಡುತ್ತಾರೆ, ಅಪ್ಪನಿಗಿಂತ ಚೆನ್ನಾಗಿಯೇ ಹಾಡುತ್ತಾರೆ. ಹಾಲು ಉಕ್ಕಿದ್ದು ಹೇಳೋಕೆ ಅವರೇ ಬೇಕಿತ್ತು. ಪುಣ್ಯಕ್ಕೆ ಕ್ಯಾಸೆಟ್ ವಾಪಸ್ ಬಂದಿತ್ತು, ನಾನೇ ಕೂತು ಎಲ್ಲ ಮತ್ತೆ ಮಾಡಿದೆ. ನೀವೂ ನೀವೇ ಮಾಡಿ.

ಮಾಡುವುದು ಹೀಗೆ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿ ಇರುತ್ತವೆ, ಮೊದಲು ಅವನ್ನು ಮುರಿಯಿರಿ. ಆಮೇಲೆ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿ ಹೋಗುವುದಿಲ್ಲ. ಟೇಪಿನ ಮೇಲೆ ಬಿಳೀ ಬೂಷ್ಟು ಕಂಡರೆ ಅದನ್ನು ಬೇರೆ ಇಡಿ, ಒಳ್ಳೇ ಡೆಕ್ಕಿಗೆ (ಕ್ಯಾಸೆಟ್ ಪ್ಲೇಯರಿಗೆ) ಹಾಕಬೇಡಿ. ಟೇಪು ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ತುಂಡು ಉದುರಿ ಹೋಗಿದ್ದರೆ ಸ್ಕ್ರೂ ಇರುವ ಹಾಳು ಕ್ಯಾಸೆಟ್ಟಿನದು ತೆಗೆದು ಹಾಕಿ. ಡೆಕ್ಕಿನಲ್ಲಿ ಟೇಪು ತಾಗಿ ಓಡುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಡ್ಸ್‌ನಿಂದ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವ ತನಕ. ಪ್ಲೇ ಮಾಡುವ ಮೊದಲು ಒಂದು ಸಲ ಕೊನೆ ತನಕ ಓಡಿಸಿ ಹಿಂದಕ್ಕೆ ಸುತ್ತಿ, ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಹಳೇ ಡೆಕ್ಕುಗಳಲ್ಲಿ ರಬ್ಬರ್ ಬೆಲ್ಟು ಕರಗಿ ಟಾರಿನ ಥರ ಆಗಿರುತ್ತದೆ, ಅದನ್ನು ಬದಲಿಸದೆ ಕ್ಯಾಸೆಟ್ ಹಾಕಿದರೆ ಟೇಪು ಅಗಿದು ಹಾಕುತ್ತದೆ. ನನ್ನದು ಒಂದು ಹಾಗೇ ಹೋಯಿತು.

ಲ್ಯಾಪ್‌ಟಾಪಿನ ಒಂದೇ ತೂತಿಗೆ ವೈರ್ ಸಿಕ್ಕಿಸಬೇಡಿ, ಸಾಮಾನ್ಯವಾಗಿ ಅದರಲ್ಲಿರೋದು ಬರೀ ಮೈಕ್ ಇನ್‌ಪುಟ್. ಲೈನ್ ಇನ್ ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಕೊಂಡುಕೊಳ್ಳಿ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು ವೇವ್ ಫೈಲ್ ಮಾಡಿ. ಸ್ಟೀರಿಯೋದಲ್ಲಿ ಒಂದು ಗಂಟೆಗೆ 1 ಜಿಬಿ ಹತ್ತಿರ ಆಗುತ್ತದೆ, ಆಗಲಿ. ಎಂಪಿ ತ್ರೀ ವಾಟ್ಸಾಪಿಗೆ ಬೇಕಾದರೆ ಆಮೇಲೆ ಮಾಡಿಕೊಳ್ಳಿ. ಈ ಮೂಲ ಫೈಲನ್ನು ಯಾವತ್ತೂ ಮುಟ್ಟಬಾರದು, ಏನೇ ರಿಪೇರಿ ಇದ್ದರೂ ಕಾಪಿ ಮೇಲೆ.

ಇನ್ನು ಶ್ರುತಿ. ಇದಕ್ಕೇ ನನಗೆ ಜಾಸ್ತಿ ದಿನ ಹಿಡಿದದ್ದು. ಮೊದಲ ಕ್ಯಾಸೆಟ್ ಹಾಕಿದಾಗ ಅಮ್ಮ ಎರಡು ನಿಮಿಷ ಕೇಳಿ "ಇದು ನಿಮ್ಮಪ್ಪ ಅಲ್ಲ, ಯಾರೋ ಹುಡುಗ" ಅಂದುಬಿಟ್ಟರು. ತಂಬೂರಿ ಶ್ರುತಿ ನೋಡಿದರೆ ಎರಡೂವರೆ ಮನೆ (ಮನೆ ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಶ್ರುತಿಯ ಅಳತೆ). ಅಪ್ಪ ಹಾಡುತ್ತಿದ್ದುದು ಎರಡು ಮನೆಗೆ. ಅಂದರೆ ಟೇಪು ಜೋರಾಗಿ ಓಡುತ್ತಿದೆ. ಅರ್ಧ ಮನೆ ಅಂದರೆ ಸುಮಾರು ಶೇಕಡಾ 6ರಷ್ಟು ವೇಗ, ಅಷ್ಟಕ್ಕೇ ಮನುಷ್ಯನ ಗಂಟಲು ಬೇರೆ ಆಗಿಬಿಡುತ್ತದೆ. ಬರೀ ಪಿಚ್ ಇಳಿಸಬೇಡಿ, ವೇಗ ಮತ್ತು ಪಿಚ್ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಬಳಸಿ, ನಮ್ಮದಕ್ಕೆ ಶೇಕಡಾ 5.6 ಕಡಿಮೆ ಮಾಡಿದ ಮೇಲೆ ಸರಿಹೋಯಿತು. ಅವರ ಶ್ರುತಿ ಯಾರಿಗೂ ನೆನಪಿಲ್ಲ ಅಂದರೆ ಇನ್ನೊಂದು ದಾರಿ ಇದೆ. ಕರೆಂಟಿನಲ್ಲಿ ರೆಕಾರ್ಡ್ ಮಾಡಿದ ಟೇಪಿನ ತಳದಲ್ಲಿ ಬಹಳ ಸಲ ಗುಂಯ್ ಅನ್ನುವ ಹಮ್ ಇರುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್, ಆದ್ದರಿಂದ ಆಡಾಸಿಟಿಯ ಸ್ಪೆಕ್ಟ್ರಮ್ ನಕ್ಷೆಯಲ್ಲಿ ಹಮ್ 50ರಲ್ಲೋ 100ರಲ್ಲೋ ಕಾಣಬೇಕು. 53ರಲ್ಲಿ ಕಂಡರೆ ಟೇಪು ಜೋರು. ಆ ಕಾಲದಲ್ಲಿ ಕರೆಂಟೂ 49ಕ್ಕೆ ಇಳಿಯುತ್ತಿತ್ತು, ಹಾಗಾಗಿ ಕೊನೇ ತೀರ್ಪು ಅಮ್ಮನದೇ. ಹಮ್ ನೋಡಿ ವೇಗ ಹಿಡಿಯೋ ಉಪಾಯ ಕೇಳಿದ್ದರೆ ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತುಬಿಡುತ್ತಿದ್ದರು.

ಒಂದು ಕ್ಯಾಸೆಟ್ಟಿನಲ್ಲಿ ಶ್ರುತಿ ಮೆಲ್ಲಗೆ ಏರುತ್ತಾ ಹೋಗಿ ಕೊನೆಗೆ ಅಪ್ಪ ಚಿಕ್ಕ ಮಗುವಿನ ದನಿಯಲ್ಲಿ ಹಾಡುತ್ತಾರೆ. ಕರೆಂಟ್ ಹೋಗಿತ್ತು, ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿದ್ದು. ಬ್ಯಾಟರಿ ಸಾಯುತ್ತಾ ಮೋಟರ್ ನಿಧಾನವಾಗಿದೆ, ಈಗ ಸರಿಯಾದ ವೇಗದಲ್ಲಿ ಹಾಕಿದರೆ ದನಿ ಏರುತ್ತದೆ. ಇದನ್ನು ತುಂಡು ತುಂಡಾಗಿ ಸರಿ ಮಾಡಬೇಕು, ತಾಳ್ಮೆ ಬೇಕು.

ಕ್ಯಾಸೆಟ್ಟಿನೊಳಗಿನ ಚೀಟಿಯನ್ನೂ ಸ್ಕ್ಯಾನ್ ಮಾಡಿ. ನಮ್ಮಪ್ಪ ರಾಗ, ತಾಳ "ಬೇಗಡೆ, ಆದಿ" ಅಂತ ಬರೆದು ಅದರ ಕೆಳಗೇ ಒಂದು ಕೆಪಾಸಿಟರಿನ ಲೆಕ್ಕ, "10 ಮೈಕ್ರೋಫ್ಯಾರಡ್ ಬದಲಿಸಿದೆ, ಈಗ ಪರವಾಗಿಲ್ಲ" ಅಂತ ಬರೆದಿದ್ದಾರೆ. ತಾರೀಕು ಇಲ್ಲದ ಟೇಪಿಗೆ ಹಿನ್ನೆಲೆಯ ಸದ್ದೇ ಗತಿ. ತಂಗಿ ಹುಟ್ಟಿದ್ದು 1986ರಲ್ಲಿ, ಅವಳು ತೊಟ್ಟಿಲಲ್ಲಿ ಅಳುತ್ತಿದ್ದರೆ ಆ ವರ್ಷದ್ದು ಅಥವಾ ಮುಂದಿನದು. ಅಮ್ಮನನ್ನು "ಅಪ್ಪನ ಬಗ್ಗೆ ಹೇಳು" ಅಂತ ಕೇಳಿದರೆ "ಏನಂತ ಹೇಳಲಿ" ಅಂತಾರೆ. ಟೇಪು ಹಾಕಿ, ಪಕ್ಕದಲ್ಲಿ ಫೋನಿನ ರೆಕಾರ್ಡರ್ ಆನ್ ಮಾಡಿ ಸುಮ್ನೆ ಕೂತುಕೊಳ್ಳಿ. ತಾವಾಗಿಯೇ ಮಾತಾಡುತ್ತಾರೆ.

ಮೈಸೂರಿನ ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲೋ ಎಂಟನೇ ಕ್ರಾಸ್ ಗಣಪತಿ ಉತ್ಸವದಲ್ಲೋ ಅಪ್ಪ ರೆಕಾರ್ಡ್ ಮಾಡಿಕೊಂಡು ಬಂದ ಕಚೇರಿಗಳೂ ಸಿಗಬಹುದು. ಉಳಿಸಿ, ಆದರೆ ಯೂಟ್ಯೂಬಿಗೆ ಹಾಕುವ ಮೊದಲು ಆ ಕಲಾವಿದರನ್ನು, ಇಲ್ಲವೇ ಅವರ ಮನೆಯವರನ್ನು ಒಂದು ಮಾತು ಕೇಳಿ.

ಮೂರು ಕಾಪಿ ಮಾಡಿ, ಮೂರೂ ಬೇರೆ ಬೇರೆ ಮನೆಯಲ್ಲಿರಲಿ. ಪೆನ್ ಡ್ರೈವ್ ಒಂದನ್ನೇ ನಂಬಬೇಡಿ. ವರ್ಷದ ತಿಥಿ ಆದ ಮೇಲೆ ಉಳಿದ ರೆಸಿಸ್ಟರು, ಕಾಯಿಲು, ಮೀಟರು ಎಲ್ಲ ಬೀದಿಯಲ್ಲಿ ಪಾಲಿಟೆಕ್ನಿಕ್ ಓದುವ ಹುಡುಗ ಹುಡುಗಿ ಯಾರಾದರೂ ಇದ್ದರೆ ಅವರಿಗೆ ಕೊಡಿ, ಸಾಲ್ಡರಿಂಗ್ ಐರನ್ ಮಾತ್ರ ನೀವೇ ಇಟ್ಟುಕೊಳ್ಳಿ.

ವರ್ಷದ ತಿಥಿಗೆ ಭಾಷಣ ಬೇಡ. ಊಟ ಆದ ಮೇಲೆ ಇಪ್ಪತ್ತು ನಿಮಿಷ ಟೇಪು ಹಾಕಿ, ಸಾಕು. ನಮ್ಮ ಬ್ಯಾಟರಿ ಕ್ಯಾಸೆಟ್ಟಿಗೆ ಈಗ ಸರಿ ಮಾಡಿದ ಕಾಪಿಯೂ ಇದೆ, ಮಾಡದ ಕಾಪಿಯೂ ಇದೆ. ಸರಿ ಮಾಡಿದ್ದಕ್ಕೆ ನನಗೆ ಮೂರು ಭಾನುವಾರ ಹೋಯಿತು. ಮಕ್ಕಳು ಹಾಕು ಹಾಕು ಅನ್ನೋದು ಮಾಡದ್ದನ್ನೇ.