ಸಾವಿರದೈನೂರರ ಸ್ಮಾರ್ಟ್‌ವಾಚು: ಕೈಗೆ ಕಟ್ಟುವ ಮುಂಚೆ ಬಾಟಲಿಗೆ ಕಟ್ಟಿ ನೋಡ್ರಿ

ನಾನು ಹುಬ್ಬಳ್ಳಿ–ಗದಗ ರೂಟಿನ ಕಂಡಕ್ಟರ್. ಕೈಯಲ್ಲಿ ಟಿಕೆಟ್ ಮಷಿನ್, ಬಗಲಲ್ಲಿ ಚೀಲ, ಫೋನು ಪ್ಯಾಂಟಿನ ಕಿಸೆಯಲ್ಲಿ. ನಲವಡಿ ದಾಟುವಾಗ ಫೋನು ಎಷ್ಟು ಬಡಕೊಂಡರೂ ಬಸ್ಸಿನ ಸದ್ದಿಗೆ ಕೇಳುವುದಿಲ್ಲ. ಹೋದ ವರ್ಷ ಅಣ್ಣಿಗೇರಿಯಿಂದ ಅವ್ವ ಮೂರು ಸಲ ಫೋನ್ ಮಾಡಿದ್ದಳು. ನಾನು ಎತ್ತಲಿಲ್ಲ. ಬಸ್ಸು ಅಣ್ಣಿಗೇರಿ ಸ್ಟ್ಯಾಂಡಿಗೆ ಬಂದಾಗ ಖುದ್ದು ಅಲ್ಲೇ ನಿಂತು, ಅಷ್ಟೂ ಪ್ಯಾಸೆಂಜರುಗಳ ಮುಂದೆ ಬೈದಳು. ಆ ವಾರವೇ 1,499 ರೂಪಾಯಿ ಕೊಟ್ಟು ಸ್ಮಾರ್ಟ್‌ವಾಚು ತಂದೆ. ಈಗ ಡಿಪೋದಲ್ಲಿ ದಿನಕ್ಕೊಬ್ಬರು ಕೇಳುತ್ತಾರೆ, "ತಗೋಬಹುದೇನಪಾ?" ಎಲ್ಲರಿಗೂ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿದ್ದೇನೆ.

ಅಂಗಡಿಗೆ ಹೋಗುವ ಮೊದಲು ವಾಚಿನಿಂದ ಆಗಬೇಕಾದ ಕೆಲಸ ಒಂದೇ ಒಂದನ್ನು ಗೊತ್ತು ಮಾಡಿಕೊಳ್ಳಿ. ನನಗೆ ಬೇಕಿದ್ದುದು ಫೋನ್ ಬಂದರೆ ಮಣಿಕಟ್ಟಿಗೆ ಗೊತ್ತಾಗಬೇಕು, ಅಷ್ಟೇ. ಅದನ್ನು ಈ ವಾಚು ಅಗದಿ ಚಂದ ಮಾಡುತ್ತದೆ. ಝುಂ ಅಂದ ಕೂಡಲೇ ಹೆಸರು ಕಾಣುತ್ತದೆ, ಅವ್ವ ಆಗಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿದು ಮಾತಾಡುತ್ತೇನೆ. ಡಬ್ಬಿಯ ಮೇಲೆ ನೂರು ಸ್ಪೋರ್ಟ್ಸ್ ಮೋಡ್ ಅಂತ ಬರೆದಿರುತ್ತದೆ. ನಾನು ಯಾವ ಒಲಿಂಪಿಕ್ಸಿಗೆ ಹೋಗಬೇಕು?

ಅಂಗಡಿಯಲ್ಲಿ ಮಾಡುವ ಮೊದಲ ಪರೀಕ್ಷೆ ಬಾಟಲಿಯದು. ಪ್ರದರ್ಶನಕ್ಕಿಟ್ಟ ವಾಚನ್ನು ಕೈಗೆ ಕಟ್ಟದೆ ನೀರಿನ ಬಾಟಲಿಗೋ ಸುತ್ತಿದ ಟವೆಲ್ಲಿಗೋ ಕಟ್ಟಿ, ಹೃದಯಬಡಿತ ಅಳೆಯಲು ಹಚ್ಚಿ. ನಾನು ನೋಡಿದ ಒಂದು ವಾಚು ಬಾಟಲಿಗೆ 78 ತೋರಿಸಿತು. ಅಂಗಡಿಯ ಹುಡುಗ ನಕ್ಕು, "ಕಾಕಾ, ಬಾಟ್ಲಿ ಭಾಳ ಹೆಲ್ದಿ ಐತಿ" ಅಂದ. ವಾಚಿನ ಹಿಂಬದಿಯ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಡುತ್ತದೆ, ರಕ್ತ ಆ ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತದ ಪ್ರಮಾಣ ಹೆಚ್ಚುಕಡಿಮೆ ಆಗುವುದರಿಂದ ವಾಪಸು ಬರುವ ಬೆಳಕೂ ಏರಿಳಿಯುತ್ತದೆ. ಆ ಏರಿಳಿತವನ್ನು ವಾಚು ಎಣಿಸುತ್ತದೆ. ರಕ್ತವೇ ಇಲ್ಲದ ಕಡೆಯೂ ಏನೋ ಒಂದು ಸಂಖ್ಯೆ ಕೊಡುವ ವಾಚು ಕೈ ಅಲುಗಾಡಿದಾಗ ನಿಜ ಹೇಳುತ್ತದೆ ಅಂತ ಹೇಗೆ ನಂಬುವುದು? ಸುಮ್ಮನಿದ್ದ ವಾಚನ್ನು ನಾನು ಆರಿಸಿದೆ.

ಬಿಪಿ, ಶುಗರ್ ವಿಷಯದಲ್ಲಿ ನಾನು ಸ್ವಲ್ಪ ಬಿಗಿ, ಯಾಕಂದರೆ ಅವ್ವ ಶುಗರ್ ಪೇಶೆಂಟು. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬದ ಅಗ್ಗದ ವಾಚು ತೋರಿಸುವ ಬಿಪಿ ಬರೀ ಅಂದಾಜು. ಶುಗರ್ ಅಂತೂ ಅಂದಾಜೂ ಅಲ್ಲ. ಸೂಜಿ ಚುಚ್ಚದೆ ತಾನಾಗಿಯೇ ಸಕ್ಕರೆ ಅಳೆಯುವ ಯಾವ ವಾಚಿಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಆ ಅಂಕಿ ನಂಬಿ ಇನ್ಸುಲಿನ್ ಹೆಚ್ಚು ತಗೊಂಡರೆ ಜೀವಕ್ಕೇ ಅಪಾಯ. ಮನೆಯಲ್ಲಿ ಶುಗರ್ ಇದ್ದವರಿದ್ದರೆ ಆ ರೊಕ್ಕಕ್ಕೆ ಗ್ಲುಕೋಮೀಟರ್ ತರ್ರಿ.

ಹೆಜ್ಜೆ ಎಣಿಕೆಯ ಕಥೆ ಬ್ಯಾರೆ. ವಾಚಿಗೆ ಕಾಲು ಕಾಣುವುದಿಲ್ಲ, ಕೈಯ ಅಲುಗಾಟವೇ ಅದಕ್ಕೆ ಹೆಜ್ಜೆ. ಒಂದು ಭಾನುವಾರ ನನ್ನ ಹೆಂಡತಿ ಅದನ್ನು ಕಟ್ಟಿಕೊಂಡು ರೊಟ್ಟಿ ಬಡಿಯಲು ಕೂತಳು. ಮೂವತ್ತು ರೊಟ್ಟಿ ಮುಗಿಯುವಷ್ಟರಲ್ಲಿ ಕೂತಲ್ಲೇ ಸಾವಿರದ ಮೇಲೆ ಹೆಜ್ಜೆ! "ರೀ, ನಾ ವಾಕಿಂಗ್ ಮುಗಿಸೇನಿ, ಚಾ ನೀವ ಮಾಡ್ರಿ" ಅಂದಳು. ನಿಮ್ಮ ವಾಚಿನ ಲೆಕ್ಕ ತಿಳಿಯಬೇಕಾದರೆ ಉಣಕಲ್ ಕೆರೆ ದಂಡೆಯಲ್ಲಿ ಬಾಯಲ್ಲಿ ಎಣಿಸುತ್ತ ಇನ್ನೂರು ಹೆಜ್ಜೆ ಹಾಕಿ ತಾಳೆ ನೋಡಿ. ಹತ್ತು ಹೆಜ್ಜೆ ಆಚೀಚೆ ಇದ್ದರೆ ಪರವಾಗಿಲ್ಲ.

ಎರಡನೆಯ ಪರೀಕ್ಷೆ ಕನ್ನಡದ್ದು, ಇದನ್ನು ಯಾವ ಅಂಗಡಿಯವರೂ ತಾವಾಗಿ ಹೇಳುವುದಿಲ್ಲ. ನನ್ನ ವಾಚಿಗೆ ಬಂದ ಮೊದಲ ಕನ್ನಡ ಮೆಸೇಜು ಬರೀ ಚೌಕ ಚೌಕ. ಹೆಂಡತಿ "ಬರುವಾಗ ಮೆಂತೆಪಲ್ಲೆ ತರ್ರಿ" ಅಂತ ಬರೆದಿದ್ದಳು, ನಾನು ಬರಿಗೈಯಲ್ಲಿ ಹೋದೆ. ಆದ್ದರಿಂದ ಅಂಗಡಿಯಲ್ಲೇ ವಾಚಿಗೆ ಫೋನು ಜೋಡಿಸಿ, ಯಾರಿಂದಲಾದರೂ "ಹುಬ್ಬಳ್ಳಿ" ಅಂತ ಒಂದು ಮೆಸೇಜು ಕಳಿಸಲು ಹೇಳಿ. ಅದರಲ್ಲಿ ಎರಡು ಒತ್ತಕ್ಷರ ಇವೆ. ಎರಡೂ ಕೆಳಗೆ ಸರಿಯಾಗಿ ಕೂತರೆ ಪಾಸು.

ಅದೇ ಹೊತ್ತಿಗೆ ವಾಚನ್ನು ಬಿಸಿಲಿಗೆ ಒಯ್ದು ನೋಡಿ. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಹೊಳೆಯುತ್ತವೆ, ಏಪ್ರಿಲ್ ಬಿಸಿಲಿನಲ್ಲಿ ಕಾಣುವುದು ನಿಮ್ಮದೇ ಮುಖ.

ವಾಚಿನಲ್ಲೇ ಮಾತಾಡುವ ಬ್ಲೂಟೂತ್ ಕಾಲಿಂಗ್‌ಗಾಗಿ ಹೆಚ್ಚು ಕೊಡಬೇಡಿ. ಸಿಮ್ ಇರುವುದು ಫೋನಿನಲ್ಲೇ, ಅದು ಹತ್ತು ಮೀಟರಿನ ಆಚೆ ಹೋದರೆ ಮಾತು ಕಟ್. ಮೇಲಾಗಿ ಬ್ಯಾಟರಿಯನ್ನು ಕುಡಿದು ಹಾಕುತ್ತದೆ: ಏಳು ದಿನ ಅಂದಿದ್ದು ನನಗೆ ಎರಡೇ ದಿನ ಬಂತು, ಕಾಲಿಂಗ್ ಬಂದ್ ಮಾಡಿದ ಮೇಲೆ ಐದು. ಇನ್ನು ಮರ್ಯಾದೆಯ ಮಾತು. ಒಮ್ಮೆ ಹುಲಕೋಟಿ ಹತ್ತಿರ ಬಸ್ ನಿಂತಿದ್ದಾಗ ಅಪ್ಪಿತಪ್ಪಿ ವಾಚಿನಲ್ಲೇ ಎತ್ತಿದೆ. "ರೀ, ಗ್ಯಾಸ್ ಮುಗದೈತಿ" ಅಂತ ಇಡೀ ಬಸ್ಸಿಗೆ ಕೇಳಿತು. ಮೂರನೇ ಸೀಟಿನ ಅಜ್ಜಿ, "ಲಗೂನ ಬುಕ್ ಮಾಡೋ ತಮ್ಮಾ" ಅಂದಳು.

ನೀರಿನ ವಿಷಯ: ಐಪಿ68 ಅಂದರೆ ದೂಳಿಗೂ ನಿಂತ ಸಿಹಿನೀರಿಗೂ ತಡೆ. ಬಿಸಿನೀರು, ಸೋಪಿಗೆ ಆ ಮಾತು ಅನ್ವಯಿಸುವುದಿಲ್ಲ. ಜಳಕಕ್ಕೆ ಬಿಚ್ಚಿಡಿ, ರಂಗಪಂಚಮಿ ದಿನ ಮನೆಯಲ್ಲೇ ಬಿಡಿ, ಸ್ಪೀಕರಿನ ತೂತಿಗೆ ಬಣ್ಣ ಹೊಕ್ಕರೆ ಮುಗೀತು.

ನಾನು ಹೆಚ್ಚು ಒದ್ದಾಡಿದ್ದು ಚಾರ್ಜರಿಗೆ. ಅಯಸ್ಕಾಂತದ ಎರಡು ಪಿನ್ನಿನ ವಾಯರು ಅದು, ಡ್ಯೂಟಿ ರೂಮಿನಲ್ಲಿ ಕಳೆದುಹೋಯಿತು. ದುರ್ಗದಬೈಲಿನಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಎಲ್ಲವೂ ನೋಡಲು ಒಂದೇ, ಪಿನ್ನುಗಳ ನಡುವಿನ ಅಂತರ ಮಾತ್ರ ಬ್ಯಾರೆ. ವಾಚು ಕೊಳ್ಳುವ ದಿನವೇ ಇನ್ನೊಂದು ವಾಯರು ಕೊಂಡುಬಿಡಿ. ಪಟ್ಟಿ 20 ಅಥವಾ 22 ಮಿ.ಮೀ. ಇದ್ದರೆ ಹರಿದಾಗ ಎಲ್ಲಿಯಾದರೂ ಸಿಗುತ್ತದೆ.

ಮನೆಗೆ ತಂದ ಮೇಲೆ ವಾಚು ಝುಂ ಅನ್ನುವುದನ್ನೇ ನಿಲ್ಲಿಸಿದರೆ ಅಂಗಡಿಗೆ ಓಡಬೇಡಿ. ಫೋನು ಬ್ಯಾಟರಿ ಉಳಿಸಲು ವಾಚಿನ ಆ್ಯಪನ್ನು ಮಲಗಿಸಿರಬಹುದು. ಸೆಟ್ಟಿಂಗ್ಸಿನ ಬ್ಯಾಟರಿ ಭಾಗದಲ್ಲಿ ಆ ಆ್ಯಪಿನ ನಿರ್ಬಂಧ ತೆಗೆಯಿರಿ.

ಅಪ್ಪನ ಎಚ್‌ಎಂಟಿ ಇನ್ನೂ ಕೀಲಿ ಕೊಟ್ಟರೆ ನಡೆಯುತ್ತದೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವುದೆಂದು ಕೇಂದ್ರ ಸರಕಾರ ತೀರ್ಮಾನಿಸಿದ್ದು 2016ರಲ್ಲಿ. ನನ್ನದು ಅಷ್ಟು ಬಾಳುವುದಿಲ್ಲ, ಒಳಗಿನ ಬ್ಯಾಟರಿ ಸೋತರೆ ಬದಲಿಸುವ ಖರ್ಚಿಗೆ ಹೊಸದೇ ಬರುತ್ತದೆ. ಎರಡು ವರ್ಷ ನಡೆದರೆ ದಿನಕ್ಕೆ ಎರಡು ರೂಪಾಯಿ ಬೀಳುತ್ತದೆ. ಅವ್ವನ ಬೈಗುಳ ತಪ್ಪಿದ್ದಕ್ಕೆ ನನಗೆ ಅದು ಸೋವಿ.

ಇಷ್ಟಾದರೂ ಮನಸ್ಸು ಗಟ್ಟಿಯಾಗದಿದ್ದರೆ ಗೆಳೆಯರದ್ದನ್ನು ನಾಲ್ಕು ದಿನ ಇಸಕೊಂಡು ಕಟ್ಟಿರಿ. ನಮ್ಮ ಡ್ರೈವರಣ್ಣ ನನ್ನದನ್ನು ಒಯ್ದಿದ್ದ. ಮೂರನೇ ದಿನವೇ ವಾಪಸು ತಂದು, "ತಮ್ಮಾ, ಸ್ಟೇರಿಂಗ್ ತಿರುವಿದ್ದನ್ನೂ ಹೆಜ್ಜಿ ಅಂತೈತಿ, ರಾತ್ರಿ ಕೈ ಕಡೀತೈತಿ, ನನಗ ಬ್ಯಾಡ" ಅಂದ. 1,499 ಉಳಿಸಿಕೊಂಡ.