ಫ್ರಿಜ್‌ನ ಸದ್ದು: ಸಹಜ ಯಾವುದು, ದೋಷ ಯಾವುದು?

ಹಗಲಿನ ಗದ್ದಲದಲ್ಲಿ ಕಿವಿಗೇ ಬೀಳದ ಫ್ರಿಜ್‌ನ ಸದ್ದು ರಾತ್ರಿ ಮನೆ ನಿಶ್ಶಬ್ದವಾದಾಗ ಎದ್ದು ಕೇಳಿಸುತ್ತದೆ. ಹೊಸ ಫ್ರಿಜ್ ತಂದ ಮೊದಲ ದಿನಗಳಲ್ಲಂತೂ ಪ್ರತಿಯೊಂದು ಸಪ್ಪಳವೂ ಆತಂಕ ಹುಟ್ಟಿಸುವುದುಂಟು. ಮೆಕ್ಯಾನಿಕ್‌ಗೆ ಕರೆ ಮಾಡುವ ಮುನ್ನ ಗಮನಿಸಬೇಕಾದದ್ದು ಸದ್ದು ಎಷ್ಟು ಜೋರಾಗಿದೆ ಎಂಬುದನ್ನಲ್ಲ. ಅದು ಯಾವಾಗ ಶುರುವಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವ ಭಾಗದಿಂದ ಬರುತ್ತದೆ ಎಂಬುದನ್ನು.

ಮೊದಲು ಕಂಪ್ರೆಸರ್‌ನ ಓಟವನ್ನು ಗುರುತಿಸಿಕೊಳ್ಳಿ. ಫ್ರಿಜ್‌ನ ಹಿಂಬದಿಯಲ್ಲಿ, ಕೆಳಭಾಗದಲ್ಲಿರುವ ಕಪ್ಪು ಉಂಡೆಯಂಥ ಭಾಗವೇ ಕಂಪ್ರೆಸರ್. ಹಳೆಯ ಮಾದರಿಗಳಲ್ಲಿ ‘ಟಕ್’ ಎಂಬ ಸದ್ದಿನೊಂದಿಗೆ ಅದು ಚಾಲೂ ಆಗಿ, ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಾ ಓಡಿ, ಒಳಗೆ ಸಾಕಷ್ಟು ತಂಪಾದ ಮೇಲೆ ಸಣ್ಣಗೆ ನಡುಗಿ ನಿಲ್ಲುತ್ತದೆ. ಇನ್ವರ್ಟರ್ ಕಂಪ್ರೆಸರ್ ಹಾಗಲ್ಲ; ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸುತ್ತಾ ಬಹಳ ಹೊತ್ತು ನಿಲ್ಲದೆ ಓಡುವುದೇ ಅದರ ಸ್ವಭಾವ. ಬಿಸಿಲಿನ ದಿನ, ಬಾಗಿಲನ್ನು ಪದೇಪದೇ ತೆರೆದಾಗ ಅಥವಾ ಒಳಗೆ ಒಮ್ಮೆಲೇ ಹೆಚ್ಚು ಸಾಮಾನು ಇಟ್ಟಾಗ ಅದರ ದನಿ ಏರುವುದು ಸಹಜ. ಹಳೆಯ ಫ್ರಿಜ್‌ಗೆ ಒಗ್ಗಿದ ಕಿವಿಗೆ ‘ಇದು ನಿಲ್ಲುವುದೇ ಇಲ್ಲವಲ್ಲ’ ಅನ್ನಿಸಬಹುದಾದರೂ ಒಳಗಿನ ತಂಪು ಸರಿಯಿದ್ದರೆ ಚಿಂತಿಸಬೇಕಿಲ್ಲ.

ಜನರನ್ನು ಅತಿ ಹೆಚ್ಚು ಗಾಬರಿಗೊಳಿಸುವುದು ನೀರು ಹರಿದಂತೆ ಕೇಳುವ ಗುಳುಗುಳು ಸದ್ದು. ಅದು ನೀರಲ್ಲ, ತಂಪು ಮಾಡುವ ಗ್ಯಾಸ್. ಬಹಳ ಸಣ್ಣ ರಂಧ್ರದ ಕ್ಯಾಪಿಲರಿ ಕೊಳವೆಯಿಂದ ದ್ರವರೂಪದಲ್ಲಿ ಹೊರಬಿದ್ದು, ಫ್ರೀಜರ್‌ನ ಅಗಲವಾದ ಕೊಳವೆಗಳನ್ನು ಹೊಕ್ಕೊಡನೆ ಒತ್ತಡ ಇಳಿದು ಕುದಿಯತೊಡಗುತ್ತದೆ. ಹಾಗೆ ಕುದಿಯುವಾಗಲೇ ಅದು ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ, ಆ ಗುಳುಗುಳು ತಂಪಾಗುವ ಕೆಲಸದ್ದೇ ಸದ್ದು. ಕಂಪ್ರೆಸರ್ ನಿಂತ ಮೇಲೂ ಕೆಲವು ನಿಮಿಷ ‘ಸುಂಯ್’ ಎಂಬ ದನಿ ಉಳಿಯುತ್ತದೆ, ಏಕೆಂದರೆ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಗ್ಯಾಸ್ ಆಗ ನಿಧಾನವಾಗಿ ಹರಿದು ಸಮವಾಗುತ್ತಿರುತ್ತದೆ. ಫ್ರಿಜ್ ಆಫ್ ಮಾಡಿದ ಕೂಡಲೇ ಮತ್ತೆ ಆನ್ ಮಾಡದೆ ಐದು ನಿಮಿಷ ಬಿಡಬೇಕೆಂದು ಹೇಳುವುದೂ ಇದೇ ಕಾರಣಕ್ಕೆ.

ಫ್ರಾಸ್ಟ್ ಫ್ರೀ ಫ್ರಿಜ್ ಆಗಿದ್ದರೆ ಇನ್ನೂ ಕೆಲವು ಸದ್ದುಗಳನ್ನು ತಿಳಿದಿರಬೇಕು. ಫ್ರೀಜರ್‌ನ ಹಿಂದೆ ಕಟ್ಟಿದ ಹಿಮವನ್ನು ಕರಗಿಸಲು ಆಗಾಗ ಒಂದು ಹೀಟರ್ ಚಾಲೂ ಆಗುತ್ತದೆ. ಕರಗಿದ ಹನಿ ಅದರ ಮೇಲೆ ಬಿದ್ದಾಗ ಕಾದ ಹೆಂಚಿಗೆ ನೀರು ಚಿಮುಕಿಸಿದಂತೆ ‘ಚುಂಯ್’ ಎನ್ನುತ್ತದೆ. ಉಳಿದ ನೀರು ತೊಟ್ಟಿಕ್ಕುತ್ತಾ ಹಿಂದಿನ ತಟ್ಟೆಗೆ ಇಳಿಯುತ್ತದೆ. ಈ ಬಿಸಿ–ತಂಪಿನ ಏರಿಳಿತಕ್ಕೆ ಒಳಗಿನ ಪ್ಲಾಸ್ಟಿಕ್ ಹಿಗ್ಗಿ ಕುಗ್ಗುವಾಗ ‘ಚಟ್’ ಎಂದು ಸಿಡಿದಂಥ ಸದ್ದು ಬರುತ್ತದೆ. ನಡುರಾತ್ರಿ ನಿದ್ದೆಗೆಡಿಸುವಷ್ಟು ಜೋರಾಗಿ ಕೇಳಿದರೂ ಒಳಗೆ ಏನೂ ಒಡೆದಿರುವುದಿಲ್ಲ. ತಂಪು ಗಾಳಿ ಹರಡುವ ಫ್ಯಾನಿನ ಮೆಲುದನಿ ಬೇರೆಯೇ ಇದ್ದು, ಹಲವು ಮಾದರಿಗಳಲ್ಲಿ ಬಾಗಿಲು ತೆರೆದೊಡನೆ ಅದು ನಿಂತುಹೋಗುತ್ತದೆ.

ಗಡಗಡ ಅದುರುವ ಸದ್ದಾದರೆ ಪರಿಹಾರ ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ. ಫ್ರಿಜ್‌ನ ಮೇಲಿಟ್ಟ ಸಾಮಾನನ್ನು ಇಳಿಸಿ, ಒಳಗೆ ಒಂದಕ್ಕೊಂದು ತಾಗುವ ಬಾಟಲಿಗಳನ್ನು ದೂರ ಸರಿಸಿ. ಅಂಗೈಯಿಂದ ಒಂದೊಂದೇ ಬದಿಯನ್ನು ಒತ್ತಿ ನೋಡಿ. ಒತ್ತಿದಾಗ ಸದ್ದು ನಿಂತರೆ ಅದುರುತ್ತಿರುವುದು ಅಲ್ಲಿಯೇ. ನಾಲ್ಕೂ ಕಾಲು ನೆಲಕ್ಕೆ ಊರುವಂತೆ ಮುಂದಿನ ತಿರುಪುಗಳನ್ನು ಸರಿಹೊಂದಿಸಿ, ಗೋಡೆಯಿಂದ ಕೈಪಿಡಿಯಲ್ಲಿ ಹೇಳಿದಷ್ಟು ಅಂತರ ಬಿಡಿ. ಫ್ರಿಜ್ ಸರಿಸುವ ಮುನ್ನ ಪ್ಲಗ್ ತೆಗೆಯುವುದನ್ನು ಮಾತ್ರ ಮರೆಯಬಾರದು.

ಕೆಲವು ಸದ್ದುಗಳನ್ನು ಖಂಡಿತ ಕಡೆಗಣಿಸಬಾರದು. ಕೆಲವು ನಿಮಿಷಗಳಿಗೊಮ್ಮೆ ‘ಟಕ್’ ಎಂದು, ಒಂದೆರಡು ಕ್ಷಣ ಗುಂಯ್‌ಗುಟ್ಟಿ, ಮತ್ತೆ ‘ಟಕ್’ ಎಂದು ಸುಮ್ಮನಾಗುತ್ತಿದ್ದು, ಜೊತೆಗೆ ತಂಪೂ ಇಳಿಯುತ್ತಿದ್ದರೆ ಕಂಪ್ರೆಸರ್ ಚಾಲೂ ಆಗಲಾರದೆ ಒದ್ದಾಡುತ್ತಿದೆ ಎಂದರ್ಥ; ಅದನ್ನು ಚಾಲೂ ಮಾಡಿಸುವ ಬಿಡಿಭಾಗವಾದ ಸ್ಟಾರ್ಟ್ ರಿಲೇ, ವೋಲ್ಟೇಜ್ ಅಥವಾ ಕಂಪ್ರೆಸರನ್ನೇ ಪರೀಕ್ಷಿಸಬೇಕಾಗುತ್ತದೆ. ಫ್ರೀಜರ್‌ನೊಳಗೆ ಏನೋ ಕೆರೆದಂತೆ ಕೇಳಿದರೆ ಫ್ಯಾನಿನ ರೆಕ್ಕೆಗೆ ಮಂಜುಗಡ್ಡೆ ತಾಗುತ್ತಿರಬಹುದು. ಎಲ್ಲಕ್ಕಿಂತ ಗಂಭೀರವಾದದ್ದು, ಚಾಕುವಿನಿಂದ ಹಿಮ ಕೆರೆದಾಗ ಥಟ್ಟನೆ ಹೊಮ್ಮುವ ‘ಬುಸ್’ ಎಂಬ ಸದ್ದು. ಕೊಳವೆ ತೂತಾಗಿ ಗ್ಯಾಸ್ ಸೋರುತ್ತಿದೆ ಎನ್ನುವುದರ ಗುರುತು ಅದು. ಈಚಿನ ಬಹುಪಾಲು ಫ್ರಿಜ್‌ಗಳಲ್ಲಿರುವ ಆರ್‌600ಎ, ಅಂದರೆ ಐಸೋಬ್ಯೂಟೇನ್, ಉರಿಯುವ ಅನಿಲವಾದ್ದರಿಂದ ಕಿಟಕಿ ಬಾಗಿಲು ತೆರೆದು, ಬೆಂಕಿಯನ್ನೂ ಸ್ವಿಚ್‌ಗಳನ್ನೂ ಮುಟ್ಟದೆ ಹೊರಬನ್ನಿ.

ಅನುಮಾನದ ಸದ್ದು ಕೇಳಿದಾಗಲೇ ಮೊಬೈಲ್‌ನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡು, ಆಗ ಕಂಪ್ರೆಸರ್ ಓಡುತ್ತಿತ್ತೇ ಇಲ್ಲವೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಬಂದ ಹೊತ್ತಿಗೆ ಆ ಸದ್ದು ಬಾರದೇ ಹೋದರೂ ಎಲ್ಲಿಂದ ಹುಡುಕಬೇಕೆಂಬುದು ಅವರಿಗೆ ಅದರಿಂದ ತಿಳಿಯುತ್ತದೆ.